ಒಂಟಿರೆಕ್ಕೆಯ ವಿಮಾನವೂ ವೈಮಾನಿಕ ಶಿಕ್ಷಣವೂ

ಮೈಸೂರು ಸಂಸ್ಥಾನವು ಬಂಡವಾಳ ಹೂಡಲು, ಉದ್ಯಮಿ ವಾಲ್‌ಚಂದ್ ಹೀರಾಚಂದರ ಮುಂದಾಳುತನದಲ್ಲಿ 1940ರ ಡಿಸೆಂಬರ್ 23ರಂದು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಜನ್ಮ ತಾಳಿತು. ಅಲ್ಲಿ 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನವೂ, 1942ರ ಜುಲೈ 31ರಂದು ಕರ್ಟಿಸ್ ಹಾಕ್ ಎಂಬ ಕಾಳಗದ ವಿಮಾನವೂ ಹಾರಿದವು. ಎರಡೂ ಒಂಟಿರೆಕ್ಕೆಯವು.

ಅದಕ್ಕೆ ಹಿಂದಿನ ವಿಮಾನಶಿಲ್ಪಿಗಳು ಒಂದರ ಮೇಲೊಂದು ರೆಕ್ಕೆಯನ್ನಿರಿಸಿ, ನಡುವೆ ಕಂಬಗಳನ್ನು ನಿಲ್ಲಿಸಿ, ತಂತಿಗಳಿಂದ ಬಿಗಿಯುತ್ತಿದ್ದುದು ಅಜ್ಞಾನದಿಂದಲ್ಲ. ಮರ ಮತ್ತು ಬಟ್ಟೆಗಳಿಂದ ಹಗುರವೂ ದೃಢವೂ ಆದ ರಚನೆಯನ್ನು ಪಡೆಯಲು ಅದೇ ಸುಲಭೋಪಾಯವಾಗಿತ್ತು. ಆದರೆ ಪ್ರತಿಯೊಂದು ತಂತಿಯೂ ಗಾಳಿಗೆ ಅಡ್ಡಿ. ಮೇಲಣ ರೆಕ್ಕೆಯ ಕೆಳಗಿನ ಅಧಿಕ ಒತ್ತಡವೂ ಕೆಳಗಣ ರೆಕ್ಕೆಯ ಮೇಲಿನ ಅಲ್ಪ ಒತ್ತಡವೂ ಪರಸ್ಪರ ಕುಂದಿಸಿಕೊಳ್ಳುವುದರಿಂದ ವಿಮಾನವನ್ನು ಮೇಲಕ್ಕೆತ್ತುವ ಎತ್ತುಬಲಕ್ಕೂ ನಷ್ಟ. ಲೋಹದ ತಗಡೇ ಭಾರ ಹೊರುವ ಚರ್ಮವಾದಾಗ ತಂತಿಗಳು ಮಾಯವಾದವು. ಹದ್ದಿನ ರೆಕ್ಕೆಯಂತೆ ಯಾವ ಆಸರೆಯೂ ಇಲ್ಲದೆ ಚಾಚಿದ ಒಂದೇ ರೆಕ್ಕೆ ಸಾಕಾಯಿತು.

ಡೊನೋವನ್ ಬರ್ಲಿನ್ ಎಂಬ ಶಿಲ್ಪಿಯ ಕಲ್ಪನೆಯಾದ ಹಾಕ್, 1935ರಲ್ಲಿ ಅಮೆರಿಕೆಯಲ್ಲಿ ಮೊದಲು ಹಾರಿದಾಗ ಈ ಪರಿವರ್ತನೆಗೆ ಒಳ್ಳೆಯ ನಿದರ್ಶನವಾಗಿದ್ದಿತು. ಅದರ ಚಕ್ರಗಳ ಚಲನೆಯನ್ನು ನೋಡಬೇಕು: ನೆಲ ಬಿಟ್ಟೊಡನೆ ಕಾಲು ಹಿಂದಕ್ಕೆ ಮಡಿಯುತ್ತದೆ, ಮಡಿಯುವಾಗಲೇ ಚಕ್ರವು ತೊಂಬತ್ತು ಡಿಗ್ರಿ ತಿರುಗಿ, ತೆಳುವಾದ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುತ್ತದೆ. ಗಾಳಿಗೆ ಎದುರಾಗಿ ನಿಲ್ಲುವುದು ಬಹಳ ಕಡಿಮೆಯಾಗುತ್ತದೆ.

ಹೀಗೆ ಗಾಳಿಯ ಅಡ್ಡಿಯನ್ನು ಕಳೆದು ಪಡೆದ ವೇಗಕ್ಕೆ ತೆರಬೇಕಾದ ಬೆಲೆ ಇಳಿಯುವಾಗ ಗೊತ್ತಾಗುತ್ತದೆ. ಎತ್ತುಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಎರಡರ ಬದಲು ಒಂದೇ ರೆಕ್ಕೆಯಾಗಿ ರೆಕ್ಕೆಯ ಒಂದು ಚದರಡಿಯ ಮೇಲಿನ ಭಾರ ಇಮ್ಮಡಿಯಾದರೆ ಇಳಿಯುವ ವೇಗವು ಸುಮಾರು 1.4 ಪಟ್ಟಾಗಬೇಕು, ಗಂಟೆಗೆ 80 ಕಿಲೋಮೀಟರಿನಲ್ಲಿ ಇಳಿಯುತ್ತಿದ್ದ ವಿಮಾನ 113 ಕಿಲೋಮೀಟರಿನಲ್ಲಿ ನೆಲ ಮುಟ್ಟಬೇಕು. ಅದಕ್ಕಿಂತ ವೇಗ ಕುಂದಿದರೆ, ಮೂತಿಯನ್ನೆತ್ತಿ ಎತ್ತರವನ್ನು ಕಾಯ್ದುಕೊಳ್ಳಲು ಹವಣಿಸಿದಷ್ಟೂ ಗಾಳಿಯ ಹರಿವು ರೆಕ್ಕೆಯ ಬೆನ್ನಿನಿಂದ ಬಿಡಿಸಿಕೊಂಡು ವಿಮಾನ ಕುಸಿಯುತ್ತದೆ. ಚಕ್ರ ಇಳಿಸುವುದು, ಫ್ಲ್ಯಾಪ್ ಚಾಚುವುದು, ಪ್ರೊಪೆಲರಿನ ಓರೆಯನ್ನು ಹೊಂದಿಸುವುದು, ಇವೆಲ್ಲ ಅಭ್ಯಾಸಬಲದಿಂದ ಕೈಗೆ ಬರಬೇಕಾದವು. ಹಳೆಯ ಜೋಡಿರೆಕ್ಕೆಯ ವಿಮಾನದಲ್ಲಿ ಮಾತ್ರ ಕಲಿತವನಿಗೆ ಇವು ಹೊಸವು. ಆದುದರಿಂದಲೇ, ಹೆಚ್ಚು ವೇಗದ ಶತ್ರುವಿಮಾನಗಳೆದುರು ಹಿಂದೆ ಬಿದ್ದ ಹಾಕ್, ಅಮೆರಿಕೆಯಲ್ಲಿ ಯುದ್ಧರಂಗದಿಂದ ನಿವೃತ್ತವಾಗಿ ಪ್ರೌಢ ತರಬೇತಿಯ ಯಂತ್ರವಾಯಿತು. ಬೆಂಗಳೂರಿನಲ್ಲಿ 48 ಹಾಕ್‌ಗಳ ಯೋಜನೆಯಿದ್ದರೂ ಐದು ಮಾತ್ರ ಪೂರ್ಣಗೊಂಡವು. ಕಾರ್ಖಾನೆಯು ಯುದ್ಧವಿಮಾನಗಳ ದುರಸ್ತಿಗೆ ತಿರುಗಿತು.

ಆದರೆ ಆ ಕಾರ್ಖಾನೆಯಲ್ಲಿ ಕಲಿತ ಕೈಗಳು ವ್ಯರ್ಥವಾಗಲಿಲ್ಲ. ಜರ್ಮನಿಯಲ್ಲಿ ರೆಕ್ಕೆಯ ಗಣಿತಕ್ಕೆ ಅಡಿಪಾಯ ಹಾಕಿದ ಪ್ರಾಂಟ್ಲರ ಶಿಷ್ಯರಾದ ವಿಷ್ಣು ಮಾಧವ ಘಾಟಗೆಯವರು ರೂಪಿಸಿದ ಎಚ್‌ಟಿ-2 ವಿಮಾನವು 1951ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹಾರಿತು. ಇದರಲ್ಲಿ ಚಕ್ರಗಳು ಮಡಿಯವು. ಸೇನೆಗೆ ಸೇರಿದ ವಿಮಾನಗಳ ಸಿರಸ್ ಎಂಜಿನಿನ ಬಲ 155 ಅಶ್ವಶಕ್ತಿ ಮಾತ್ರ. ಗುರು ಶಿಷ್ಯರು ಒಬ್ಬರ ಹಿಂದೊಬ್ಬರು ಕುಳಿತು, ಎರಡು ಜೊತೆ ಹಿಡಿಕೆಗಳಿಂದ ಅದನ್ನು ನಡೆಸುತ್ತಿದ್ದರು. ವೇಗವನ್ನೂ ಯಂತ್ರಸಂಕೀರ್ಣತೆಯನ್ನೂ ಬಿಟ್ಟುಕೊಟ್ಟ ಶಿಲ್ಪಿಯು ಒಂಟಿರೆಕ್ಕೆಯನ್ನು ಮಾತ್ರ ಬಿಡಲಿಲ್ಲ. ಏಕೆಂದರೆ ಮುಂದೆ ಶಿಷ್ಯನು ಏರಬೇಕಾದ ವಿಮಾನಗಳೆಲ್ಲ ಅದೇ ಜಾತಿಯವು. ಭಾರತೀಯ ವಾಯುಸೇನೆಯಲ್ಲಿ ಟೈಗರ್ ಮಾತ್ ಎಂಬ ಜೋಡಿರೆಕ್ಕೆಯ ಹಳೆಯ ಗುರುವಿನ ಸ್ಥಾನಕ್ಕೆ ಬಂದ ಎಚ್‌ಟಿ-2, ಘಾನಾ ದೇಶದ ವಾಯುಸೇನೆಗೂ ಹೋಯಿತು. ಕಾಳಗದ ವಿಮಾನದ ಆಯುಸ್ಸನ್ನು ಶತ್ರುವಿನ ವೇಗ ನಿರ್ಣಯಿಸುತ್ತದೆ. ಕಲಿಸುವ ವಿಮಾನಕ್ಕೆ ಆ ಭಯವಿಲ್ಲ, ವೇಗದ ವರ್ಗಕ್ಕೆ ಅನುಗುಣವಾಗಿ ಎತ್ತುಬಲ ಬೆಳೆಯುವವರೆಗೆ ಅದರ ಪಾಠ ಹಳತಾಗದು.