ದೋಣಿಯ ಯಂತ್ರದಿಂದ ಬ್ಯಾಟರಿಗೆ ವಿದ್ಯುತ್ತು ತುಂಬುವ ಬಗೆ

ಕರಾವಳಿಯ ಅಳಿವೆ ಪ್ರದೇಶದ ಹಳ್ಳಿಗಳಲ್ಲಿ ಬೇಸಾಯಕ್ಕೂ ದೋಣಿಗೂ ಬಿಡದ ನಂಟು. ಗಂಗೊಳ್ಳಿಯ ಬಳಿ ಐದು ಹೊಳೆಗಳು ಕೂಡುವ ಕಡೆಯಾಗಲಿ, ಅಘನಾಶಿನಿಯ ತೀರದಲ್ಲಾಗಲಿ, ಸೇತುವೆಯಿಲ್ಲದ ಕುದುರುಗಳಲ್ಲಿ ಗದ್ದೆ ತೋಟ ಉಳ್ಳವರು ಗೊಬ್ಬರ, ಹುಲ್ಲು, ತೆಂಗಿನಕಾಯಿ ಎಲ್ಲವನ್ನೂ ದೋಣಿಯಲ್ಲೇ ಸಾಗಿಸಬೇಕು. ಬಿಡುವಾದಾಗ ಅದೇ ದೋಣಿಯಲ್ಲಿ ಬಲೆ ಹಾಕಿ ನಾಲ್ಕು ಕಾಸು ಸಂಪಾದಿಸುವವರೂ ಉಂಟು. ಹಿಂದೆ ಹುಟ್ಟು ಹಾಕುತ್ತಿದ್ದ ಅನೇಕರು ಈಗ ದೋಣಿಯ ಹಿಂಬದಿಗೆ 8 ಇಲ್ಲವೆ 10 ಅಶ್ವಶಕ್ತಿಯ ಔಟ್‌ಬೋರ್ಡ್ ಯಂತ್ರ ತಗಲಿಸಿದ್ದಾರೆ. ಯಂತ್ರದ ಹಿಂದೆಯೇ ದೀಪಕ್ಕೂ ಮೊಬೈಲಿಗೂ ಒಂದು ಬ್ಯಾಟರಿಯೂ ದೋಣಿಯನ್ನು ಸೇರಿದೆ.

ಯಂತ್ರ ಓಡುತ್ತಿದ್ದರೆ ಬ್ಯಾಟರಿ ತಾನಾಗಿ ತುಂಬಿಕೊಳ್ಳುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಹಗ್ಗ ಎಳೆದು ಹೊರಡಿಸುವ ಯಂತ್ರಕ್ಕೆ ಓಡಲು ಬ್ಯಾಟರಿಯೇ ಬೇಡ. ಆದುದರಿಂದ ಬ್ಯಾಟರಿ ಬರಿದಾದರೂ ಹಗಲಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಕತ್ತಲಾದ ಮೇಲೆ ಅಳಿವೆಯ ಸೆಳವಿನಲ್ಲಿ ಗುಂಡಿ ಒತ್ತಿದಾಗ ದೀಪ ಮಿಣುಕಿ ಆರಿಹೋಗುತ್ತದೆ. ಎದುರಿನಿಂದ ಬರುವ ದೊಡ್ಡ ದೋಣಿಗೆ ನಿಮ್ಮ ದೋಣಿ ಕಾಣುವುದು ಆ ಒಂದು ದೀಪದಿಂದ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ.

ಯಂತ್ರದೊಳಗೆ ನಡೆಯುವುದೇನೆಂದು ಮೊದಲು ನೋಡೋಣ. ಸೈಕಲ್ಲಿನ ಡೈನಮೋ ನಿಮಗೆ ಗೊತ್ತು. ಚಕ್ರ ತಿರುಗಿದರೆ ದೀಪ ಉರಿಯುತ್ತದೆ, ನಿಧಾನಿಸಿದರೆ ಮಂಕಾಗುತ್ತದೆ. ಔಟ್‌ಬೋರ್ಡ್ ಯಂತ್ರದ ತಲೆಯ ಮೇಲಿರುವ ಭಾರದ ಚಕ್ರದ ಒಳಗೆ ಅಯಸ್ಕಾಂತಗಳಿವೆ. ಅವು ತಂತಿಸುರುಳಿಗಳ ಸುತ್ತ ತಿರುಗುವಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ಒಂದು ಸುರುಳಿ ಪ್ಲಗ್ಗಿಗೆ ಕಿಡಿ ಕೊಡುತ್ತದೆ. ಇನ್ನೊಂದು ಇದ್ದರೆ ಅದು ದೀಪಕ್ಕೆ. ಇದ್ದರೆ ಎಂದು ಹೇಳಲು ಕಾರಣವುಂಟು: 2, 3 ಅಶ್ವಶಕ್ತಿಯ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ದೀಪದ ಸುರುಳಿಯೇ ಇರುವುದಿಲ್ಲ. ಯಂತ್ರದ ಕೈಪುಸ್ತಕದಲ್ಲಿ 12 ವೋಲ್ಟ್, 60 ವಾಟ್ ಅಥವಾ 80 ವಾಟ್ ಎಂಬಂತೆ ಬರೆದಿದೆಯೇ ಎಂದು ಓದಿಸಿ ನೋಡಿರಿ.

ಸುರುಳಿಯಿಂದ ಬರುವ ವಿದ್ಯುತ್ತು ಕ್ಷಣಕ್ಷಣಕ್ಕೂ ಹಿಂದುಮುಂದಾಗಿ ಹರಿಯುವಂಥದು. ಬ್ಯಾಟರಿಗೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತು ಬೇಕು. ನಡುವೆ ರೆಕ್ಟಿಫೈಯರ್ ಎಂಬ ಸಣ್ಣ ಉಪಕರಣ, ಗದ್ದೆಯ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಬಾಗಿಲಿನ ಹಾಗೆ, ಈ ಕೆಲಸ ಮಾಡುತ್ತದೆ. ಅದಿಲ್ಲದೆ ದೀಪದ ತಂತಿಯನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸಕೂಡದು. ಬ್ಯಾಟರಿ ತುಂಬುವುದಂತೂ ಇಲ್ಲ, ಸುರುಳಿ ಸುಟ್ಟುಹೋಗಬಹುದು.

ಇನ್ನು ಲೆಕ್ಕ. ಇದೇ ಮುಖ್ಯವಾದುದು, ಬೇಸರಿಸದೆ ಓದಬೇಕು. 80 ವಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಆರೂವರೆ ಆಂಪಿಯರಿಗೆ ತುಸು ಹೆಚ್ಚು ಬರುತ್ತದೆ. ಆದರೆ ಅದು ಯಂತ್ರ ಪೂರ್ಣ ವೇಗದಲ್ಲಿ ಓಡುವಾಗಿನ ಮಾತು. ಅರ್ಧ ವೇಗದಲ್ಲಿ 3 ಆಂಪಿಯರ್ ಬಂದರೆ ದೊಡ್ಡದು. ಬಲೆಯ ಪಕ್ಕದಲ್ಲಿ ಯಂತ್ರ ಗುರುಗುಟ್ಟುತ್ತಾ ನಿಂತಿದ್ದರೆ ಬ್ಯಾಟರಿಗೆ ಹೋಗುವುದು ಇಲ್ಲವೆಂದೇ ಹೇಳಬೇಕು. ಬ್ಯಾಟರಿ ತುಂಬಲೆಂದು ನಿಂತಲ್ಲೇ ಯಂತ್ರ ಓಡಿಸುವವರು ಎಣ್ಣೆಯನ್ನು ಹೊಳೆಗೆ ಸುರಿದಂತೆಯೇ.

ಒಬ್ಬ ರೈತನು ಸಂಜೆ ಕಾಲು ಗಂಟೆ ಹೋಗಿ, ಕಾಲು ಗಂಟೆ ಹಿಂದಿರುಗುವನೆಂದು ಇಟ್ಟುಕೊಳ್ಳಿರಿ. ಅರ್ಧ ಗಂಟೆಗೆ 3 ಆಂಪಿಯರಿನಂತೆ ಅವನ ಬ್ಯಾಟರಿಗೆ ಜಮೆ ಒಂದೂವರೆ ಆಂಪಿಯರ್-ಗಂಟೆ. ಖರ್ಚಿನ ಕಡೆ, 10 ವಾಟಿನ ಎಲ್‌ಇಡಿ ದೀಪ ನಾಲ್ಕು ಗಂಟೆ ಉರಿದರೆ ಮೂರೂಕಾಲು. ಮೊಬೈಲ್ ಒಂದು ಸಲ ತುಂಬಿಸಿದರೆ ಇನ್ನೂ ಒಂದೂಕಾಲು. ಒಟ್ಟು ನಾಲ್ಕೂವರೆ. ದಿನವೂ ಮೂರು ಸಾಲ! 60 ಆಂಪಿಯರ್-ಗಂಟೆಯ ಬ್ಯಾಟರಿಯಿದ್ದರೆ ಹತ್ತು ದಿನಕ್ಕೆ ಅರ್ಧ ಖಾಲಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿ ಹಾಗೆಯೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಬಿಳಿ ಪದಾರ್ಥ ಕಟ್ಟಿ ಅದರ ಶಕ್ತಿ ಕುಂದುತ್ತದೆ. ಮೂರು ನಾಲ್ಕು ವರ್ಷ ಬಾಳಬೇಕಾದದ್ದು ಒಂದೇ ವರ್ಷಕ್ಕೆ ಗುಜರಿಗೆ ಹೋಗುವುದು ಹೀಗೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

ದೂರ ಹೋಗಿ ದಿನಕ್ಕೆ ಎರಡು ಮೂರು ಗಂಟೆ ವೇಗವಾಗಿ ಓಡಿಸುವವರಿಗೆ ತೊಂದರೆ ತಿರುವುಮುರುವು. ಹಳೆಯ ಯಂತ್ರಗಳಲ್ಲಿ ವೋಲ್ಟೇಜನ್ನು ತಡೆಹಿಡಿಯುವ ರೆಗ್ಯುಲೇಟರ್ ಇಲ್ಲ. ಬ್ಯಾಟರಿ ತುಂಬಿದ ಮೇಲೂ ವಿದ್ಯುತ್ತು ನುಗ್ಗುತ್ತಲೇ ಇದ್ದು ಒಳಗಿನ ನೀರು ಕುದಿದಂತಾಗಿ ಆವಿಯಾಗುತ್ತದೆ. ಇಂಥ ಯಂತ್ರಕ್ಕೆ ಮುಚ್ಚಳ ತೆರೆಯಲಾಗದ ಬ್ಯಾಟರಿ ಬೇಡ. ನೀರು ಹಾಕಲು ಬರುವ ದೊಡ್ಡ ಬ್ಯಾಟರಿಯೇ ಲೇಸು. ರೆಗ್ಯುಲೇಟರ್ ಸೇರಿಸಿಕೊಂಡರೆ ಇನ್ನೂ ಉತ್ತಮ, ಆದರೆ ಅದು ನಿಮ್ಮ ಯಂತ್ರದ ಸುರುಳಿಗೆ ಹೊಂದುವುದೇ ಎಂದು ತಿಳಿದವರನ್ನು ಕೇಳಿಯೇ ಹಾಕಿಸಬೇಕು.

ಇದನ್ನೆಲ್ಲ ಕಣ್ಣಾರೆ ಕಾಣಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ಊರಿಗೊಂದಿದ್ದರೂ ಆದೀತು. ಯಂತ್ರ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. ಸುಮಾರು 12.2 ಆದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಆ ದಿನವೇ ಮನೆಗೆ ಒಯ್ದು ಚಾರ್ಜರಿಗೆ ಹಾಕಿರಿ. ಯಂತ್ರ ವೇಗವಾಗಿ ಓಡುತ್ತಿರುವಾಗ ಅಳೆದರೆ ಹದಿಮೂರೂವರೆಯಿಂದ 14.4ರ ವರೆಗೆ ಏರಬೇಕು. ಏರದಿದ್ದರೆ ರೆಕ್ಟಿಫೈಯರ್, ಫ್ಯೂಸ್ ಇಲ್ಲವೆ ತಂತಿ ಕೆಟ್ಟಿದೆ. 15 ದಾಟಿದರೆ ಬ್ಯಾಟರಿ ಬೇಯುತ್ತಿದೆ ಎಂದೇ ತಿಳಿಯಿರಿ.

ಜೋಡಣೆಯಲ್ಲಿ ಕೆಂಪು ತಂತಿ ಕೂಡು ಗುರುತಿಗೆ, ಕಪ್ಪು ಕಳೆ ಗುರುತಿಗೆ. ಅದಲುಬದಲಾದರೆ ರೆಕ್ಟಿಫೈಯರ್ ಕ್ಷಣದಲ್ಲಿ ಸುಡುತ್ತದೆ. ಕೆಂಪು ತಂತಿಯಲ್ಲಿ ಬ್ಯಾಟರಿಗೆ ಅತಿ ಹತ್ತಿರದಲ್ಲಿ 10 ಆಂಪಿಯರಿನ ಫ್ಯೂಸ್ ಇರಲೇಬೇಕು. ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಉಪ್ಪುಗಾಳಿಗೆ ತುದಿಗಳು ಹಸಿರು ಹಿಡಿಯುವುದರಿಂದ ಆಗಾಗ ಉಜ್ಜಿ ವ್ಯಾಸಲೀನ್ ಸವರಿರಿ. ಯಂತ್ರ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಬೇಡಿರಿ. ವಿದ್ಯುತ್ತಿಗೆ ಹೋಗಲು ದಾರಿ ತಪ್ಪಿ ವೋಲ್ಟೇಜು ಏಕಾಏಕಿ ಏರಿ ರೆಕ್ಟಿಫೈಯರನ್ನೂ ದೀಪಗಳನ್ನೂ ಹಾಳುಮಾಡುತ್ತದೆ.

ತುಂಬುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಕಿಡಿ ತಗಲಿದರೆ ಸಿಡಿಯುವ ಅನಿಲ ಅದು. ಆದ್ದರಿಂದ ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಉರುಳದಂತೆ ಬಿಗಿದು, ಪೆಟ್ರೋಲ್ ಡಬ್ಬಿಯಿಂದ ದೂರವಿಡಿರಿ. ಹತ್ತಿರ ಬೀಡಿ ಹಚ್ಚಬಾರದು. ನೀರು ಕಡಮೆಯಾದರೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ಅಳಿವೆಯ ಉಪ್ಪುನೀರು ಒಳಗೆ ಬಿದ್ದರೆ ಬ್ಯಾಟರಿ ಕೆಡುವುದು ಹಾಗಿರಲಿ, ತುಂಬುವಾಗ ಕ್ಲೋರಿನ್ ಎಂಬ ವಿಷಾನಿಲವೇ ಹುಟ್ಟಬಹುದು.

ಮೇಲಿನ ಲೆಕ್ಕದ ರೈತನು ಏನು ಮಾಡಬೇಕು? ವಾರಕ್ಕೊಮ್ಮೆ ಮನೆಯಲ್ಲಿ ಚಾರ್ಜರಿಗೆ ಹಾಕುವುದು ಒಂದು ಉಪಾಯ. ಭಾರದ ಬ್ಯಾಟರಿಯನ್ನು ಕೆಸರಿನಲ್ಲಿ ಹೊರಲಾರದವನು 20 ವಾಟಿನ ಸೌರಫಲಕವನ್ನು ನಿಯಂತ್ರಕದ ಮೂಲಕ ದೋಣಿಗೇ ಜೋಡಿಸಬಹುದು. ಬೇಸಗೆಯ ಒಳ್ಳೆಯ ಬಿಸಿಲಿನಲ್ಲಿ ಅದು ದಿನಕ್ಕೆ ಸುಮಾರು 5 ಆಂಪಿಯರ್-ಗಂಟೆ ಕೊಡುವುದರಿಂದ ಸಾಲ ತೀರಿ ತುಸು ಉಳಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಗಿಡ್ಡ ಓಡಾಟದವರಿಗೆ ಇದೇ ಹೆಚ್ಚು ಅನುಕೂಲ.

ಮಳೆಗಾಲದಲ್ಲಿ ಫಲಕವನ್ನು ನೆಚ್ಚುವಂತಿಲ್ಲ. ದೋಣಿಯನ್ನು ದಡಕ್ಕೆಳೆದು ಇಡುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ತಂತಿ ಬಿಚ್ಚಿ, ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿ ಇಡಬೇಕು. ಸುಮ್ಮನಿದ್ದರೂ ಅದು ತಾನಾಗಿ ಇಳಿಯುತ್ತಿರುತ್ತದೆ. ಆದುದರಿಂದ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಗುರುತಿಟ್ಟುಕೊಂಡಾದರೂ ಸರಿ, ಒಂದು ರಾತ್ರಿ ಚಾರ್ಜರಿಗೆ ಹಾಕಿ ತೆಗೆಯಿರಿ.