ಕಾರ್ಲೊ ಶ್ಮಿಡ್

ಕಾರ್ಲೊ ಶ್ಮಿಡ್ (3 ಡಿಸೆಂಬರ್ 1896 – 11 ಡಿಸೆಂಬರ್ 1979) ಜರ್ಮನಿಯ ರಾಜನೀತಿಜ್ಞ, ಕಾನೂನು ವಿದ್ವಾಂಸ ಹಾಗೂ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕ. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಗಾಗಿ ರಚಿತವಾದ 'ಮೂಲ ಕಾನೂನಿನ' ಪ್ರಮುಖ ಶಿಲ್ಪಿಗಳಲ್ಲಿ ಇವರೂ ಒಬ್ಬರು.

ಹಿನ್ನೆಲೆ

ಶ್ಮಿಡ್ ಫ್ರಾನ್ಸಿನ ಪರ್ಪಿನ್ಯಾನ್ ನಗರದಲ್ಲಿ ಜನಿಸಿದರು. ತಂದೆ ಜರ್ಮನ್, ತಾಯಿ ಫ್ರೆಂಚ್. ಯುದ್ಧಾನಂತರ ಜರ್ಮನಿಯು ನಾಲ್ಕು ವಿಜೇತ ರಾಷ್ಟ್ರಗಳ ಆಡಳಿತ ವಲಯಗಳಾಗಿ ಹಂಚಿಹೋಗಿತ್ತು. 1948ರ ಜುಲೈ 1ರಂದು ಅಮೆರಿಕ, ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ವಲಯಗಳ ರಾಜ್ಯಗಳ ಮುಖ್ಯಸ್ಥರಿಗೆ ಸಂವಿಧಾನ ಸಭೆಯೊಂದನ್ನು ಕರೆಯುವಂತೆ ಸೂಚಿಸಿದವು. ಪಶ್ಚಿಮ ಭಾಗಕ್ಕೆ ಮಾತ್ರ ಸಂವಿಧಾನ ರಚಿಸಿದರೆ ದೇಶದ ವಿಭಜನೆ ಶಾಶ್ವತವಾಗಬಹುದೆಂಬ ಆತಂಕ ಜರ್ಮನ್ ನಾಯಕರಲ್ಲಿತ್ತು.

ಸಂವಿಧಾನ ರಚನೆಯಲ್ಲಿ ಪಾತ್ರ

1948ರ ಸೆಪ್ಟೆಂಬರ್ 1ರಂದು ಬಾನ್ ನಗರದಲ್ಲಿ 'ಸಂಸದೀಯ ಪರಿಷತ್ತು' ಸಭೆ ಸೇರಿತು. ಕೊನ್ರಾಡ್ ಅಡೆನಾವರ್ ಅದರ ಅಧ್ಯಕ್ಷರಾದರೆ, ಕರಡನ್ನು ಚರ್ಚಿಸಿ ರೂಪಿಸುವ ಮುಖ್ಯ ಸಮಿತಿಯ ಅಧ್ಯಕ್ಷತೆಯನ್ನು ಶ್ಮಿಡ್ ವಹಿಸಿದರು. ಸೆಪ್ಟೆಂಬರ್ 8ರ ಭಾಷಣದಲ್ಲಿ ಅವರು, ಪರಕೀಯರ ಅಧೀನದಲ್ಲಿರುವ ಜನತೆ ಪೂರ್ಣ ಸಂವಿಧಾನವನ್ನು ರಚಿಸಲಾಗದು, ತಾತ್ಕಾಲಿಕ ವ್ಯವಸ್ಥೆಯನ್ನಷ್ಟೇ ರೂಪಿಸಬಹುದು ಎಂದು ವಾದಿಸಿದರು. ಪ್ರಜಾಪ್ರಭುತ್ವವನ್ನು ಬಳಸಿಕೊಂಡೇ ಅದನ್ನು ಕೊಲ್ಲಹೊರಟವರ ವಿಷಯದಲ್ಲಿ ಸಹನೆ ಸಲ್ಲದೆಂಬುದು ಅದೇ ಭಾಷಣದ ಇನ್ನೊಂದು ಮುಖ್ಯ ಅಂಶ. ನಾಜಿಗಳು ವೈಮಾರ್ ಗಣರಾಜ್ಯವನ್ನು ಒಳಗಿನಿಂದಲೇ ಕೆಡವಿದ ಅನುಭವ ಈ ನಿಲುವಿನ ಹಿಂದಿತ್ತು.

ರಚನಾತ್ಮಕ ಅವಿಶ್ವಾಸ ಮತ

ವೈಮಾರ್ ಸಂಸತ್ತಿನಲ್ಲಿ ಪರಸ್ಪರ ವಿರೋಧಿ ಪಕ್ಷಗಳು ಸರ್ಕಾರವನ್ನು ಉರುಳಿಸಲು ಒಂದಾಗುತ್ತಿದ್ದವು. ಹೊಸ ಸರ್ಕಾರ ರಚಿಸಲು ಮಾತ್ರ ಒಂದಾಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ 67ನೆಯ ವಿಧಿಯನ್ನು ಅಳವಡಿಸಲಾಯಿತು. ಶ್ಮಿಡ್ ಇದರ ಪ್ರಮುಖ ಪ್ರತಿಪಾದಕರು. ಇದರ ಪ್ರಕಾರ ಬಹುಮತದಿಂದ ಉತ್ತರಾಧಿಕಾರಿಯನ್ನು ಆಯ್ಕೆ ಮಾಡಿದರೆ ಮಾತ್ರ ಸಂಸತ್ತು ಚಾನ್ಸಲರ್‌ರನ್ನು ಕೆಳಗಿಳಿಸಬಹುದು. ಇಂಥ ಪ್ರಯತ್ನ 1972ರಲ್ಲಿ ವಿಲಿ ಬ್ರಾಂಟ್ ವಿರುದ್ಧ ವಿಫಲವಾಯಿತು. 1982ರಲ್ಲಿ ಇದೇ ವಿಧಿಯಿಂದ ಹೆಲ್ಮುಟ್ ಶ್ಮಿಟ್ ಅವರ ಸ್ಥಾನಕ್ಕೆ ಹೆಲ್ಮುಟ್ ಕೋಲ್ ಬಂದರು.

ಅಂಗೀಕಾರ ಮತ್ತು ಪರಿಣಾಮ

1949ರ ಮೇ 8ರಂದು ಪರಿಷತ್ತು 53–12 ಮತಗಳಿಂದ ಮೂಲ ಕಾನೂನನ್ನು ಅಂಗೀಕರಿಸಿತು. ಮೇ 23ರಂದು ಅದನ್ನು ಘೋಷಿಸಲಾಯಿತು. ಮಾನವ ಘನತೆ ಅನುಲ್ಲಂಘನೀಯ ಎಂಬ ತತ್ತ್ವ ಅದರ ಮೊದಲ ವಿಧಿಯಲ್ಲಿದೆ. ಆ ತತ್ತ್ವವನ್ನು ತಿದ್ದುಪಡಿಯಿಂದಲೂ ಬದಲಿಸಲಾಗದಂತೆ 79ನೆಯ ವಿಧಿ ತಡೆಯುತ್ತದೆ.

ಶ್ಮಿಡ್ 1949ರಿಂದ 1972ರವರೆಗೆ ಸಂಸತ್ ಸದಸ್ಯರಾಗಿದ್ದರು. 1959ರಲ್ಲಿ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಹೈನ್ರಿಶ್ ಲ್ಯೂಬ್ಕೆ ಎದುರು ಸೋತರು. 1990ರ ಅಕ್ಟೋಬರ್ 3ರಂದು ಜರ್ಮನಿ ಒಂದಾದಾಗ ಹೊಸ ಸಂವಿಧಾನ ರಚನೆಯಾಗಲಿಲ್ಲ. ಅವರು ತಾತ್ಕಾಲಿಕವೆಂದು ಕರೆದಿದ್ದ ಮೂಲ ಕಾನೂನೇ ಇಡೀ ದೇಶದ ಸಂವಿಧಾನವಾಗಿ ಮುಂದುವರಿಯಿತು.