ಹಿತ್ತಲಿಗೆ ಹಕ್ಕಿಗಳನ್ನು ಕರೆಯಿರಿ



ಎಳ್ಳ ಅಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಿಮಗೆ ತಿಳಿದ ಸಂಗತಿ. ಭೂತಾಯಿಯ ಪೂಜೆಯಾದ ಮೇಲೆ ಅನ್ನ, ಕಡುಬುಗಳನ್ನು ಹೊಲದ ನಾಲ್ಕೂ ಕಡೆ ಎರಚುತ್ತಾರೆ. ಆ ಹೊತ್ತಿಗೆ ಕಡಲೆ ಹೂ-ಕಾಯಿ ಹಿಡಿಯುತ್ತಿರುತ್ತದೆ; ಕಾಯಿಕೊರಕ ಹುಳುವಿನ ಹಾವಳಿಯೂ ಆಗಲೇ. ಅಗುಳು ತಿನ್ನಲು ಬಂದ ಗೊರವಂಕ, ಕಾಗೆಗಳು ಗಿಡದ ಮೇಲಿನ ಹುಳುವನ್ನೂ ಹೆಕ್ಕುತ್ತವೆ. ಹಿರಿಯರ ಈ ಆಚರಣೆಯಲ್ಲಿ ಪೂಜೆಯೂ ಇದೆ, ಸಸ್ಯ ಸಂರಕ್ಷಣೆಯೂ ಇದೆ.

ಆದರೆ ವರ್ಷಕ್ಕೊಂದು ದಿನ ಕರೆದರೆ ಸಾಲದು. ಬೆಳೆ ಹೊಲದಲ್ಲಿರುವುದು ನಾಲ್ಕಾರು ತಿಂಗಳು. ಹಕ್ಕಿಗೆ ಹನ್ನೆರಡು ತಿಂಗಳೂ ಕೂರಲು ಮರ, ಕುಡಿಯಲು ನೀರು, ಮರಿ ಮಾಡಲು ಮರೆ ಬೇಕು. ಇವು ಬರಿಯ ಹೊಲದಲ್ಲಿ ಸಿಗುವುದಿಲ್ಲ. ಹಿತ್ತಲಿನಲ್ಲಿ ಮತ್ತು ಬದುವಿನಲ್ಲಿ ಸಿಗುತ್ತವೆ. ಹಿತ್ತಲಿನಲ್ಲಿ ಹಕ್ಕಿ ನೆಲೆಸಿದರೆ ಹತ್ತಿರದ ಹೊಲಕ್ಕೂ ಅದರ ಸೇವೆ ದೊರೆಯುತ್ತದೆ.

ಯಾವ ಹಕ್ಕಿ, ಏನು ಆಹಾರ

ಎಲ್ಲ ಹಕ್ಕಿಗಳೂ ಒಂದೇ ಬಗೆಯ ಆಹಾರ ತಿನ್ನುವುದಿಲ್ಲ. ಕವಲು ಬಾಲದ ಕರಿ ಕಾಜಾಣ ಎತ್ತರದ ಕೊಂಬೆಯಲ್ಲಿ ಕುಳಿತು ಹಾರುವ ಹುಳುವನ್ನು ಹಿಡಿಯುತ್ತದೆ. ನಮ್ಮ ರಾಜ್ಯ ಪಕ್ಷಿಯಾದ ನೀಲಕಂಠ ತಂತಿಯ ಮೇಲೆ ಕಾದಿದ್ದು, ನೆಲದ ಮೇಲಿನ ಮಿಡತೆಗೆ ಎರಗುತ್ತದೆ. ತಲೆಯ ಮೇಲೆ ಜುಟ್ಟುಳ್ಳ ಚಂದ್ರಮುಕುಟ ಉದ್ದ ಕೊಕ್ಕಿನಿಂದ ಮಣ್ಣು ಕೆದಕಿ ಗೊಣ್ಣೆಹುಳು ತೆಗೆಯುತ್ತದೆ. ಬೆಳ್ಳಕ್ಕಿ, ಗೊರವಂಕಗಳು ನೇಗಿಲಿನ ಹಿಂದೆಯೇ ಬರುತ್ತವೆ. ಪುಟ್ಟ ಸಿಂಪಿಗ ನಿಮ್ಮ ಬದನೆ, ಬೆಂಡೆಯ ಎಲೆಗಳ ನಡುವೆ ನುಸುಳಿ ಸಣ್ಣ ಹುಳುಗಳನ್ನು ಆರಿಸುತ್ತದೆ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಮರಿಗಳಿಗೆ ಉಣಿಸುವುದು ಹೆಚ್ಚಾಗಿ ಹುಳುಗಳನ್ನೇ.

ರಾತ್ರಿಯ ಕಾವಲು ಗೂಬೆಗಳದು. ಕಣಜ ಗೂಬೆಯ ಮುಖ್ಯ ಆಹಾರ ಇಲಿ. ಹಾಲಕ್ಕಿ ಎಂದು ಕರೆಯುವ ಸಣ್ಣ ಗೂಬೆ ಕೀಟಗಳನ್ನೂ ಇಲಿಮರಿಗಳನ್ನೂ ಹಿಡಿಯುತ್ತದೆ. ಗೂಬೆ ಕೂತರೆ ಕೇಡೆಂದು ಕಲ್ಲು ಹೊಡೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಗೂಬೆಯನ್ನು ಓಡಿಸಿದ ಮನೆಯ ಕಣಜಕ್ಕೆ ಬರುವುದು ಇಲಿಯೇ ಎಂಬುದನ್ನು ಮರೆಯಬಾರದು.

ಮರಗಿಡಗಳು

ಹಿತ್ತಲಿನಲ್ಲಿ ಎತ್ತರದ ಮರ, ನಡುಗಾತ್ರದ ಗಿಡ, ದಟ್ಟವಾದ ಬೇಲಿ ಈ ಮೂರೂ ಇದ್ದರೆ ಬಗೆಬಗೆಯ ಹಕ್ಕಿಗಳು ಬರುತ್ತವೆ. ನುಗ್ಗೆ, ದಾಸವಾಳ, ಹಾಲುವಾಣದ ಹೂವಿಗೆ ಸೂರಕ್ಕಿ ಬರುತ್ತದೆ. ಕರಿಬೇವು, ಬೇವಿನ ಹಣ್ಣಿಗೆ ಪಿಕಳಾರ, ಕೋಗಿಲೆ ಬರುತ್ತವೆ. ಗಸಗಸೆ ಹಣ್ಣಿನ ಮರ ಬೇಗ ಬೆಳೆದು ಸಣ್ಣ ಹಕ್ಕಿಗಳನ್ನು ಸೆಳೆಯುತ್ತದೆ. ಬದುವಿಗೆ ಬೇವು, ಹಳ್ಳದ ದಂಡೆಗೆ ಅತ್ತಿ ಉತ್ತಮ. ಒಣಗಿದ ಕೊಂಬೆಯಿಂದ ಅಪಾಯವಿಲ್ಲದಿದ್ದರೆ ಅದನ್ನು ಕಡಿಯದೆ ಬಿಡಿ. ಕುಟ್ರು ಹಕ್ಕಿ ಅದರಲ್ಲಿ ಪೊಟರೆ ಕೊರೆಯುತ್ತದೆ; ಅದು ಬಿಟ್ಟುಹೋದ ಪೊಟರೆ ಬೇರೆ ಹಕ್ಕಿಗೆ ಮನೆಯಾಗುತ್ತದೆ. ಮದರಂಗಿಯಂಥ ಬೇಲಿಯನ್ನು ಬೇಸಿಗೆಯಿಂದ ಮಳೆಗಾಲದ ನಡುವಿನವರೆಗೆ ಕತ್ತರಿಸಬೇಡಿ. ಅದು ಗೂಡು ಕಟ್ಟುವ ಕಾಲ.

ಮರ ಉಳಿಸಿದವರಿಗೆ ಹಕ್ಕಿ ಏನು ಕೊಡಬಲ್ಲದು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಸಾಕ್ಷಿ. ಅಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹುಣಸೆಯ ಫಸಲಿಗೆ ನಷ್ಟವಾದರೂ ಊರಿನವರು ಅವುಗಳನ್ನು ಓಡಿಸಿಲ್ಲ. ಮರದಡಿ ಬೀಳುವ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಗೊಬ್ಬರ ಮಾಡಿ ಬಳಸಿಕೊಂಡಿದ್ದಾರೆ. 2007ರಲ್ಲಿ ಆ ಊರಿಗೆ ಸಮುದಾಯ ಮೀಸಲು ಪ್ರದೇಶದ ಮಾನ್ಯತೆಯೂ ದೊರೆಯಿತು.

ನೀರು ಮತ್ತು ಗೂಡು

ಬೇಸಿಗೆಯಲ್ಲಿ ಹಕ್ಕಿಯನ್ನು ಕರೆಯಲು ಕಾಳಿಗಿಂತ ನೀರೇ ಮೇಲು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲದಷ್ಟು ನೀರು ಹಾಕಿ, ನಡುವೆ ಒಂದು ಕಲ್ಲು ಇಡಿ. ಆಳ ಹೆಚ್ಚಾದರೆ ಸಣ್ಣ ಹಕ್ಕಿಗಳು ಇಳಿಯುವುದಿಲ್ಲ. ಬೆಕ್ಕು ಹೊಂಚು ಹಾಕದಂತೆ ಪೊದೆಯಿಂದ ಸ್ವಲ್ಪ ದೂರದಲ್ಲಿ, ಎತ್ತರದ ಕಟ್ಟೆಯ ಮೇಲಿಡಿ. ದಿನವೂ ನೀರು ಬದಲಾಯಿಸಿ ತಟ್ಟೆ ತಿಕ್ಕಬೇಕು. ಇಲ್ಲದಿದ್ದರೆ ಸೊಳ್ಳೆ ಹುಟ್ಟುತ್ತದೆ, ಹಕ್ಕಿಗೆ ರೋಗವೂ ತಗಲುತ್ತದೆ.

ಹೆಂಚಿನ ಮನೆಯ ಸೂರಿನಲ್ಲಿ ಗುಬ್ಬಚ್ಚಿಗೆ ಜಾಗವಿತ್ತು. ತಾರಸಿ ಮನೆಯಲ್ಲಿ ಇಲ್ಲ. ಸಣ್ಣ ಗಡಿಗೆಯ ಬಾಯಿಗೆ ಹಲಗೆ ಕಟ್ಟಿ, ಅದರಲ್ಲಿ ಒಂದೂಕಾಲು ಅಂಗುಲ ಅಗಲದ ದುಂಡು ರಂಧ್ರ ಕೊರೆದು, ಮಳೆ-ಬಿಸಿಲು ಬಡಿಯದ ಕಡೆ ಎಂಟು ಹತ್ತು ಅಡಿ ಎತ್ತರದಲ್ಲಿ ತೂಗುಹಾಕಿ. ಮಡಿವಾಳ ಹಕ್ಕಿ, ಗೊರವಂಕಗಳಿಗೆ ರಂಧ್ರ ಎರಡು ಅಂಗುಲವಿರಲಿ. ಹಕ್ಕಿ ಸೇರಿದ ಮೇಲೆ ಇಣುಕಿ ನೋಡಬೇಡಿ.

ಹೊಲದಲ್ಲಿ ಕೂರುವ ಕಡ್ಡಿ

ಹಿತ್ತಲಿನ ಹಕ್ಕಿಯನ್ನು ಹೊಲಕ್ಕೆ ಒಯ್ಯುವ ಉಪಾಯ ಸುಲಭ. ಕಡಲೆ, ತೊಗರಿ ಹೂ ಬಿಡುವ ಮೊದಲೇ ಎಕರೆಗೆ 20ರಂತೆ ಕವಲು ಕಡ್ಡಿಗಳನ್ನು ನೆಡಿ. ಕಡ್ಡಿಯ ತುದಿ ಬೆಳೆಗಿಂತ ಒಂದೆರಡು ಅಡಿ ಮೇಲಿರಲಿ. ಕಾಜಾಣ, ಗೊರವಂಕಗಳು ಅಲ್ಲಿ ಕುಳಿತು ಹುಳು ಹುಡುಕುತ್ತವೆ. ಜೋಳದ ಹೊಲದಲ್ಲಿ ಇಂಥ ಕಡ್ಡಿಗಳಿದ್ದರೆ ಕಾಳು ಕಟ್ಟುವ ಮೊದಲು ತಪ್ಪದೆ ಕೀಳಬೇಕು. ಇಲ್ಲವಾದರೆ ಹುಳು ತಿನ್ನುವ ಹಕ್ಕಿಗೆ ಹಾಕಿದ ಆಸನದಲ್ಲಿ ಗಿಳಿ ಕೂರುತ್ತದೆ.

ಹಕ್ಕಿಗಳಿಂದಲೇ ಕೀಟ ಪೂರ್ತಿ ಹತೋಟಿಗೆ ಬರುತ್ತದೆಂದು ನಾವು ಹೇಳುವುದಿಲ್ಲ. ಕಾಯಿಯೊಳಗೆ ಹೊಕ್ಕ ಹುಳು ಅವುಗಳ ಕೊಕ್ಕಿಗೆ ಸಿಗುವುದು ಕಷ್ಟ. ಆದ್ದರಿಂದ ವಾರಕ್ಕೊಮ್ಮೆ ಹೊಲ ಸುತ್ತಿ ಮೊಟ್ಟೆ, ಮರಿಹುಳುಗಳನ್ನು ಎಣಿಸಿ. ಆರಂಭದಲ್ಲೇ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿ. ಹುಳು ಮಿತಿ ಮೀರಿದರೆ ಮಾತ್ರ ತಜ್ಞರನ್ನು ಕೇಳಿ ಕೀಟನಾಶಕ ಬಳಸಿ.

ವಿಷದ ಬಗ್ಗೆ ಎಚ್ಚರ

ಒಂದು ಕೈಯಲ್ಲಿ ನೀರಿಟ್ಟು ಇನ್ನೊಂದು ಕೈಯಲ್ಲಿ ವಿಷ ಚೆಲ್ಲಿದರೆ ಕರೆದ ಅತಿಥಿಯನ್ನು ನಾವೇ ಕೊಂದಂತೆ. ಮೊನೋಕ್ರೋಟೋಫಾಸ್ ಹಕ್ಕಿಗಳಿಗೆ ಕಡು ವಿಷ. ತರಕಾರಿಗಳ ಮೇಲೆ ಅದರ ಬಳಕೆ 2005ರಿಂದಲೇ ನಿಷಿದ್ಧ. ಹರಳು ರೂಪದ ಕೀಟನಾಶಕ ಮಣ್ಣಿನ ಮೇಲೆ ಬಿದ್ದಿದ್ದರೆ ಹಕ್ಕಿ ಕಾಳೆಂದು ಹೆಕ್ಕುತ್ತದೆ. ಅದನ್ನೂ ಔಷಧ ಲೇಪಿಸಿದ ಬೀಜವನ್ನೂ ಮಣ್ಣಿನಿಂದ ಮುಚ್ಚಬೇಕು. ಇಲಿ ಪಾಷಾಣವನ್ನು ಬಿಲದೊಳಗೇ ಇಟ್ಟು ಬಿಲ ಮುಚ್ಚಿ. ಸತ್ತ ಇಲಿಗಳನ್ನು ಹುಡುಕಿ ಹೂಳಿ. ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯಬಹುದು.

ತೊಂದರೆ ಕೊಡುವ ಹಕ್ಕಿಗಳು

ಹಾಲುಗಾಳಿನ ಜೋಳಕ್ಕೆ ಗಿಳಿ, ರಾಟವಾಳಗಳ ಕಾಟ ನಿಜ. ಆ ಕೆಲವು ವಾರ ಹೊಳೆಯುವ ಪಟ್ಟಿ ಕಟ್ಟಿ, ಮುಂಜಾನೆ ಮತ್ತು ಸಂಜೆ ಕಾವಲು ಕಾಯಿರಿ. ಪೇರಲ ಹಣ್ಣಿಗೆ ಚೀಲ ಕಟ್ಟಿ, ದ್ರಾಕ್ಷಿಗೆ ಬಲೆ ಹೊದಿಸಿ. ಬದನಿಕೆ ಹಕ್ಕಿ ಮಾವಿನ ಮರಕ್ಕೆ ಬದನಿಕೆಯ ಬೀಜ ಹರಡುತ್ತದೆ. ಆ ಬದನಿಕೆಯನ್ನು ಹಣ್ಣಾಗುವ ಮೊದಲೇ, ಅಂಟಿದ ಜಾಗದಿಂದ ಕೆಳಗೆ ಕೊಂಬೆ ಸಹಿತ ಕತ್ತರಿಸಿ. ಜೇನುಪೆಟ್ಟಿಗೆ ಇಟ್ಟವರು ಕಳ್ಳಿಪೀರದ ಮೇಲೆ ಕಣ್ಣಿಡಬೇಕು. ಆದರೆ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಇಂದೇ ತೊಡಗಿರಿ

ಎಲ್ಲವನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ. ಇಂದು ಒಂದು ತಟ್ಟೆ ನೀರು ಇಡಿ. ಮುಂಗಾರು ಬಿದ್ದೊಡನೆ ಹಿತ್ತಲಿಗೆ ನುಗ್ಗೆ, ಬದುವಿಗೆ ಬೇವು ನೆಡಿ. ಬೆಳೆ ಹೂ ಬಿಡುವ ಮುನ್ನ ಕಡ್ಡಿ ನಿಲ್ಲಿಸಿ. ಯಾವ ತಿಂಗಳು ಯಾವ ಹಕ್ಕಿ ಬಂತೆಂದು ಮಕ್ಕಳಿಂದ ಬರೆಯಿಸಿ. ನಿಮ್ಮ ಹೊಲಕ್ಕೆ ಯಾವುದು ಉಪಕಾರಿ ಎಂಬುದು ಒಂದೆರಡು ವರ್ಷಗಳಲ್ಲಿ ನಿಮಗೇ ತಿಳಿಯುತ್ತದೆ. ಮುಂದಿನ ಎಳ್ಳ ಅಮಾವಾಸ್ಯೆಗೆ ನೀವು ಚೆಲ್ಲುವ ಚರಗಕ್ಕೆ ಬರುವ ಹಕ್ಕಿಗಳು ನಿಮ್ಮ ಹಿತ್ತಲಿನವೇ ಆಗಿರಲಿ.